ಕಂಪನಿಯೊಳಗಿನ ಡೇಟಾ ಕಳವು: ಕೇನ್, ಎಫ್‌ಟಿಕೆ ಇಮೇಜರ್, ಆಟೊಪ್ಸಿ, ಜಿಮ್ಮರ್‌ಮನ್ ಟೂಲ್ಸ್ ಬಳಸಿ ನೋಡಿದ್ದು

ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳ ಕಡೆಯ ಸಣ್ಣ ಕಾರ್ಖಾನೆಗಳಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವರಿಗೆ ಈ ಕೆಲಸ ಒಂದಲ್ಲ ಒಂದು ದಿನ ಬರುತ್ತದೆ. ರಾಜೀನಾಮೆ ಕೊಟ್ಟು ಹೋದ ಹುಡುಗ ವಾಲ್ವ್ ಡ್ರಾಯಿಂಗ್, ಕೊಟೇಶನ್, ಗಿರಾಕಿಗಳ ಪಟ್ಟಿ ಎಲ್ಲವನ್ನೂ ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋಗಿದ್ದಾನೆ ಅಂತ ಮಾಲೀಕರಿಗೆ ಅನುಮಾನ. "ಅವನ ಒಯ್ದಾನ್ರಿ, ನೀವು ಅಷ್ಟ ಬರದ ಕೊಡ್ರಿ ಸಾಕು" ಅನ್ನುತ್ತಾರೆ. ಹಾಗೆ ಬರೆದುಕೊಡೋಕೆ ಆಗಲ್ಲ. ಒಬ್ಬರ ಕೆಲಸ, ಮರ್ಯಾದೆ ಎರಡೂ ಆ ಕಾಗದದ ಮೇಲೆ ನಿಂತಿರುತ್ತವೆ.

ಅದಕ್ಕೇ ಕಾಸು ಕೊಡದೆ ಸಿಗುವ ನಾಲ್ಕು ಟೂಲ್‌ಗಳನ್ನು ಒಂದೇ ಯಂತ್ರದ ಮೇಲೆ ಓಡಿಸಿ ನೋಡಿದೆ. ಹಳೆಯ ಲ್ಯಾಪ್‌ಟಾಪ್‌ಗೆ ವಿಂಡೋಸ್ 10 ಹೊಸದಾಗಿ ಹಾಕಿದೆ. ಪೆನ್‌ಡ್ರೈವ್ ಚುಚ್ಚಿದ್ದು, ಫೈಲ್ ಕಾಪಿ ಮಾಡಿದ್ದು, ಅಳಿಸಿದ್ದು, ಪ್ರತಿಯೊಂದನ್ನೂ ಗಡಿಯಾರ ನೋಡಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡೆ. ಯಾವ ಟೂಲ್ ಎಷ್ಟು ಹಿಡಿಯುತ್ತದೆ ಅಂತ ಆ ನೋಟ್‌ಬುಕ್ ಜೊತೆ ತಾಳೆ ನೋಡಿದ್ದೇ ಈ ಹೋಲಿಕೆ.

ಮೊದಲು ಡಿಸ್ಕಿನ ಇಮೇಜ್, ಅಂದರೆ ಅಳಿಸಿದ್ದೂ ಸೇರಿ ಇಡೀ ಡಿಸ್ಕಿನ ತದ್ರೂಪು ನಕಲು ತೆಗೆಯುವುದು. ನಮ್ಮಲ್ಲಿ ಜಾಸ್ತಿ ಜನ ಮಾಡೋದು ಕಂಟ್ರೋಲ್ ಸಿ, ಕಂಟ್ರೋಲ್ ವಿ. ಅದನ್ನು ಈ ಹೋಲಿಕೆಗೇ ಸೇರಿಸಲಿಲ್ಲ. ಅಳಿಸಿದ ಫೈಲ್ ಅದರಲ್ಲಿ ಬರೋದೇ ಇಲ್ಲ, ಕಾಪಿಯಾದ ಫೈಲಿಗೆ ಹೊಸ ತಾರೀಖು ಬೀಳುತ್ತದೆ.

ಕೇನ್ ಅನ್ನೋದು ಇಟಲಿಯವರ ಲೈವ್ ಲಿನಕ್ಸ್. ಪೆನ್‌ಡ್ರೈವ್‌ನಿಂದ ಬೂಟ್ ಆಗುತ್ತದೆ, ಎಲ್ಲ ಡಿಸ್ಕ್‌ಗಳನ್ನೂ ಓದಲು ಮಾತ್ರ ಬಿಡುತ್ತದೆ. ಇಮೇಜ್ ಇಡುವ ಡಿಸ್ಕ್ ಒಂದನ್ನು ಮಾತ್ರ ಬರೆಯಲು ನಾವೇ ತೆರೆಯಬೇಕು. ಡಿಸ್ಕಿಗೆ ಏನೂ ಬರೆಯದಂತೆ ತಡೆಯುವ ರೈಟ್ ಬ್ಲಾಕರ್ ಪೆಟ್ಟಿಗೆ ಕೊಳ್ಳಲು ದುಡ್ಡಿಲ್ಲದವರಿಗೆ ಇದಕ್ಕಿಂತ ನಿಶ್ಚಿಂತೆಯ ದಾರಿ ನಾನು ಕಂಡಿಲ್ಲ. ಅದರೊಳಗೆ ಇಮೇಜ್ ತೆಗೆಯುವ ಗೈಮೇಜರ್ ಬೇಗ ಕೆಲಸ ಮುಗಿಸುತ್ತದೆ, ಎಸ್‌ಎಚ್‌ಎ256 ಹ್ಯಾಶ್ (ಇಮೇಜ್‌ನಲ್ಲಿ ಒಂದಕ್ಷರ ಬದಲಾದರೂ ಬದಲಾಗುವ, ಬೆರಳಚ್ಚಿನಂಥ ಸಂಖ್ಯೆ) ಕೂಡ ಕೊಡುತ್ತದೆ. ತೊಂದರೆ ಇರೋದು ಹೊಸ ಲ್ಯಾಪ್‌ಟಾಪ್‌ಗಳಲ್ಲಿ. ಬಯೋಸ್‌ನಲ್ಲಿ ಸ್ಟೋರೇಜ್ ರೇಡ್ ಮೋಡ್‌ನಲ್ಲಿದ್ದರೆ ಒಳಗಿನ ಡಿಸ್ಕ್ ಕೆಲವು ಸಲ ಕಾಣಿಸೋದೇ ಇಲ್ಲ. ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಹಾಕಿದ್ದರೆ ಇಮೇಜ್ ಸಿಕ್ಕರೂ ರಿಕವರಿ ಕೀ ಇಲ್ಲದೆ ತೆರೆಯಲ್ಲ.

ವಿಂಡೋಸ್ ಒಳಗೇ ಓಡಿ ಇಮೇಜ್ ತೆಗೆಯುವ ಎಫ್‌ಟಿಕೆ ಇಮೇಜರ್ ಗೆಲ್ಲೋದು ಅಲ್ಲೇ. ಯಂತ್ರ ಚಾಲೂ ಇದೆ, ಲಾಗಿನ್ ಆಗಿದೆ, ಬಿಟ್‌ಲಾಕರ್ ತೆರೆದಿದೆ ಅಂದರೆ ಆಫ್ ಮಾಡಬೇಡಿ. ಎಫ್‌ಟಿಕೆ ಇಮೇಜರ್ ಅನ್ನು ಹೊರಗಿನ ಡಿಸ್ಕ್‌ನಿಂದಲೇ ಓಡಿಸಿ, ಮೊದಲು ರ‍್ಯಾಮ್ ಹಿಡಿದಿಟ್ಟು, ಆಮೇಲೆ ತೆರೆದಿರುವ ಸಿ ಡ್ರೈವ್ ಇಮೇಜ್ ತೆಗೆಯಬಹುದು. ಚಾಲೂ ಯಂತ್ರದಲ್ಲಿ ಕೆಲಸ ಮಾಡಿದ ಗುರುತು ಅಲ್ಲಿ ಉಳಿಯುತ್ತದೆ, ಅದನ್ನು ವರದಿಯಲ್ಲಿ ಬರೆಯಬೇಕು. ನಾನು ಬಳಸಿದ ಆವೃತ್ತಿ ಎಂಡಿ5, ಎಸ್‌ಎಚ್‌ಎ1 ಎರಡು ಬಗೆಯ ಹ್ಯಾಶ್ ಮಾತ್ರ ಕೊಟ್ಟಿತು. ಆಫ್ ಆಗಿರುವ ಯಂತ್ರಕ್ಕೆ ಕೇನ್, ಚಾಲೂ ಇರುವ ಯಂತ್ರಕ್ಕೆ ಎಫ್‌ಟಿಕೆ: ಇದು ನನ್ನ ತೀರ್ಮಾನ.

ಹ್ಯಾಶ್ ಬಗ್ಗೆ ಇಷ್ಟು ಹೇಳೋಕೆ ಕಾರಣ ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಕೇಳುವ ಪ್ರಮಾಣಪತ್ರದಲ್ಲಿ ಹ್ಯಾಶ್ ಬರೆಯುವ ಜಾಗವೇ ಇದೆ. ಭಾಗ ಎ ಸಾಕ್ಷ್ಯ ಹಾಜರುಪಡಿಸುವವರದು, ಭಾಗ ಬಿ ತಜ್ಞರದು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಕಲಂ ಅಡಿ ದೂರು ಕೊಡುವ ಯೋಚನೆ ಇದ್ದರೆ, ಇಮೇಜ್ ತೆಗೆದ ದಿನವೇ ಹ್ಯಾಶ್ ಬರೆದು ಸಹಿ ಹಾಕಿಸಿ ಇಟ್ಟುಕೊಳ್ಳಿ.

ಈಗ ಹುಡುಕಾಟ. ಆಟೊಪ್ಸಿ ಬ್ರಯಾನ್ ಕ್ಯಾರಿಯರ್ ಅವರ ಡಿಸ್ಕ್ ತನಿಖೆಯ ಟೂಲ್‌ಗಳಾದ ಸ್ಲೂತ್ ಕಿಟ್ ಮೇಲೆ ಕಟ್ಟಿದ್ದು. ಇಮೇಜ್ ಕೊಟ್ಟು ಬಿಟ್ಟರೆ ಬ್ರೌಸರ್ ಇತಿಹಾಸ, ಹಚ್ಚಿದ ಯುಎಸ್‌ಬಿಗಳು, ಇತ್ತೀಚಿನ ಫೈಲ್‌ಗಳು, ಅಳಿಸಿದ್ದು, ಎಲ್ಲ ಒಂದೇ ಕಿಟಕಿಯಲ್ಲಿ ಬರುತ್ತವೆ. ಕಡಿಮೆ ರ‍್ಯಾಮ್ ಇದ್ದರೆ ಕೀವರ್ಡ್ ಸರ್ಚ್ ಓಡುವಾಗ ಬೇರೆ ಕೆಲಸ ಆಗಲ್ಲ, ರಾತ್ರಿ ಹಚ್ಚಿ ಬಿಡೋದೇ ಒಳ್ಳೇದು. ಕನ್ನಡದಲ್ಲಿ ಹುಡುಕುವವರು ಗಮನಿಸಬೇಕು: ಯುನಿಕೋಡ್‌ನಲ್ಲಿ ಬರೆದ ಪತ್ರ ಸಿಕ್ಕಿತು, ಹಳೆ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದು ಸಿಗಲಿಲ್ಲ. ಅದು ಫೈಲಿನೊಳಗೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳಾಗಿ ಕೂತಿರುತ್ತದೆ. ಹುಡುಕುವ ಪದವನ್ನೂ ನುಡಿಗೆ ಪರಿವರ್ತಿಸಿ ಹಾಕಿದಾಗ ಸಿಕ್ಕಿತು. ನಮ್ಮ ಕಡೆಯ ಆಫೀಸುಗಳಲ್ಲಿ ಇಂಥ ಫೈಲ್ ರಾಶಿಗಟ್ಟಲೆ ಇವೆ, ಅಲ್ವಾ?

ಎರಿಕ್ ಜಿಮ್ಮರ್‌ಮನ್ ಮೊದಲು ಎಫ್‌ಬಿಐನಲ್ಲಿದ್ದವರು. ಅವರ ಟೂಲ್‌ಗಳು ಚಿಕ್ಕಚಿಕ್ಕವು, ಒಂದೊಂದಕ್ಕೆ ಒಂದೇ ಕೆಲಸ. ಕಲಿಯೋಕೆ ಕಷ್ಟ, ಜಾಸ್ತಿ ಕಮಾಂಡ್ ಲೈನ್. ಆದರೆ "ಈ ಪೆನ್‌ಡ್ರೈವ್ ಯಾವಾಗ ಹಚ್ಚಿದ್ದು" ಅನ್ನೋ ಒಂದೇ ಪ್ರಶ್ನೆಗೆ ಇವುಗಳ ಉತ್ತರ ಖಚಿತ. ಆಟೊಪ್ಸಿ ಒಂದು ಯುಎಸ್‌ಬಿಗೆ ಒಂದು ತಾರೀಖು ತೋರಿಸಿದರೆ, ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ರಿಜಿಸ್ಟ್ರಿಯನ್ನು ಓದುವ ಅವರ ರಿಜಿಸ್ಟ್ರಿ ಎಕ್ಸ್‌ಪ್ಲೋರರ್‌ನಲ್ಲಿ ಮೊದಲ ಸಲ ಹಚ್ಚಿದ್ದು, ಕೊನೆಯ ಸಲ ಹಚ್ಚಿದ್ದು, ಕೊನೆಯ ಸಲ ತೆಗೆದದ್ದು ಬೇರೆಬೇರೆಯಾಗಿ ಸಿಕ್ಕವು. ಶೆಲ್‌ಬ್ಯಾಗ್ಸ್ ಎಕ್ಸ್‌ಪ್ಲೋರರ್‌ನಲ್ಲಿ, ಪೆನ್‌ಡ್ರೈವ್ ಈಗ ನಮ್ಮ ಕೈಯಲ್ಲಿ ಇಲ್ಲದಿದ್ದರೂ ಅದರಲ್ಲಿ ತೆರೆದ ಫೋಲ್ಡರುಗಳ ಹೆಸರು ಕಂಡವು.

ಸಮಯದ ವಿಷಯಕ್ಕೆ ಬಂದರೆ ತುಂಬಾ ಹುಷಾರಾಗಿರಬೇಕು. ನಾನು ಪೆನ್‌ಡ್ರೈವ್ ಚುಚ್ಚಿದ್ದು ಸಂಜೆ 6:40ಕ್ಕೆ. ಜಿಮ್ಮರ್‌ಮನ್ ಟೂಲ್ ತೋರಿಸಿದ್ದು 13:10. ರಿಜಿಸ್ಟ್ರಿಯ ಸಮಯ ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯ) ಇರುತ್ತದೆ, ನಾವು ಐದೂವರೆ ತಾಸು ಕೂಡಿಸಬೇಕು. ಅದೇ ಘಟನೆ, ಹೊಸ ಸಾಧನ ಹಚ್ಚಿದ್ದನ್ನು ಬರೆದಿಡುವ ವಿಂಡೋಸ್‌ನ ಸೆಟಪ್ ಎಪಿಐ ಲಾಗ್‌ನಲ್ಲಿ 18:40 ಅಂತಲೇ ಇದೆ, ಅದು ಸ್ಥಳೀಯ ಸಮಯದಲ್ಲಿ ಬರೆಯುತ್ತದೆ. ಆಟೊಪ್ಸಿಯಲ್ಲಿ ಯಾವ ವಲಯದ ಸಮಯ ತೋರಿಸಬೇಕು ಅಂತ ಸೆಟ್ಟಿಂಗ್ ಇದೆ. ಇದನ್ನು ನೋಡದೆ ಮಧ್ಯಾಹ್ನ 1:10 ಅಂತ ವರದಿ ಬರೆದರೆ, ಊಟದ ಹೊತ್ತಲ್ಲಿ ಆ ಟೇಬಲ್ ಮುಂದೆ ಕೂತಿದ್ದ ಬೇರೆ ಯಾರೋ ಪಾಪ ಸಿಕ್ಕಿಬೀಳುತ್ತಾರೆ. ಎರಡು ಕಡೆಯ ಸಮಯ ತಾಳೆಯಾಗದೆ ನಾನು ಒಂದು ಸಾಲೂ ಬರೆಯಲ್ಲ.

ಪೆನ್‌ಡ್ರೈವ್‌ನ ಸೀರಿಯಲ್ ನಂಬರೂ ಹಾಗೇ. ರಿಜಿಸ್ಟ್ರಿಯಲ್ಲಿ ಅದರ ಎರಡನೇ ಅಕ್ಷರ '&' ಆಗಿದ್ದರೆ, ಆ ಡ್ರೈವ್‌ಗೆ ತನ್ನದೇ ನಂಬರ್ ಇಲ್ಲ, ವಿಂಡೋಸೇ ಒಂದು ಕೊಟ್ಟಿದೆ ಅಂತ ಅರ್ಥ. ಅಂಥ ಡ್ರೈವ್ ಸಿಕ್ಕಾಗ ಇದೇ ಅದು ಅಂತ ಆ ನಂಬರಿನಿಂದ ಹೇಳೋಕೆ ಆಗಲ್ಲ.

ಇನ್ನೊಂದು ಮುಖ್ಯ ಮಾತು. ಫೈಲ್ ಕಾಪಿ ಮಾಡಿದ್ದನ್ನು ವಿಂಡೋಸ್ ತಾನಾಗಿ ಎಲ್ಲೂ ದಾಖಲಿಸಲ್ಲ. ಡ್ರಾಯಿಂಗನ್ನು ಸುಮ್ನೆ ಕಾಪಿ ಮಾಡಿದಾಗ ನಾಲ್ಕೂ ಟೂಲ್‌ಗಳಿಂದ ನೇರ ಪುರಾವೆ ಸಿಗಲಿಲ್ಲ. ಪೆನ್‌ಡ್ರೈವ್‌ನಿಂದ ಅದನ್ನು ಒಮ್ಮೆ ತೆರೆದು ನೋಡಿದ ಮೇಲೆ ಮಾತ್ರ ಶಾರ್ಟ್‌ಕಟ್ ಫೈಲ್ ಹುಟ್ಟಿತು. ಅದರಲ್ಲಿ ಫೈಲ್ ಹುಟ್ಟಿದ ಸಮಯ, ತಿದ್ದಿದ ಸಮಯಕ್ಕಿಂತ ಈಚಿನದು. ಕಾಪಿಯಾದ ಫೈಲಿನ ಲಕ್ಷಣ ಅದು. ಇದನ್ನು ಶಾರ್ಟ್‌ಕಟ್ ಫೈಲ್ ಓದುವ ಜಿಮ್ಮರ್‌ಮನ್ ಟೂಲ್ ಎಲ್‌ಇಸಿಎಂಡಿ ಒಂದೇ ಸಾಲಿನಲ್ಲಿ ತೋರಿಸಿತು. ಆಟೊಪ್ಸಿಯಲ್ಲಿ ಹುಡುಕಿ ತೆಗೆಯಬೇಕಾಯಿತು.

ಎಸ್‌ಎಸ್‌ಡಿಯಲ್ಲಿ ಅಳಿಸಿದ್ದು ವಾಪಸ್ ಬರುತ್ತೆ ಅಂತ ಮಾಲೀಕರಿಗೆ ಮಾತು ಕೊಡಬೇಡಿ. ಅಳಿಸಿದ ಜಾಗವನ್ನು ಖಾಲಿ ಮಾಡಿಸುವ ಟ್ರಿಮ್ ಓಡಿದ ಮೇಲೆ ಹೆಸರು ಉಳಿದರೂ ಒಳಗಿನದು ಖಾಲಿ.

ಹೊಸಬರಿಗೆ ಆಟೊಪ್ಸಿ, ಅನುಮಾನ ಬಂದ ಪ್ರತಿ ಸಾಲನ್ನೂ ಪರೀಕ್ಷಿಸೋಕೆ ಜಿಮ್ಮರ್‌ಮನ್. ಒಂದನ್ನೇ ಇಟ್ಟುಕೋ ಅಂದರೆ ನಾನು ಜಿಮ್ಮರ್‌ಮನ್ ಇಟ್ಟುಕೊಳ್ಳುತ್ತೇನೆ.

ಕೀಬೋರ್ಡ್ ಮುಂದೆ ಯಾರಿದ್ದರು ಅನ್ನೋದನ್ನು ಯಾವ ಟೂಲೂ ಹೇಳಲ್ಲ. ಇಡೀ ಆಫೀಸು ಒಂದೇ 'ಅಡ್ಮಿನ್' ಪಾಸ್‌ವರ್ಡ್ ಬಳಸುವ ಕಡೆ ಇದು ದೊಡ್ಡ ತೊಡಕು. ಹಾಜರಿ ಯಂತ್ರದ ದಾಖಲೆ, ಸಿಸಿಟಿವಿ ಎರಡನ್ನೂ ಅದೇ ದಿನ ತೆಗೆದಿಟ್ಟುಕೊಳ್ಳಿ. ಡಿವಿಆರ್‌ನ ಗಡಿಯಾರ ಎಷ್ಟು ನಿಮಿಷ ಹಿಂದೆ ಮುಂದೆ ಇದೆ ಅಂತಲೂ ಬರೆದುಕೊಳ್ಳಿ, ಹಳೆಯ ದೃಶ್ಯದ ಮೇಲೆ ಹೊಸದು ಬರೆದುಕೊಂಡು ಹೋಗುವ ಮೊದಲೇ. ವರದಿಯಲ್ಲಿ ನಾನು ಬರೆಯೋದು ಈ ಖಾತೆ, ಈ ಹೊತ್ತು, ಈ ಡ್ರೈವ್ ಅಂತ. ಹೆಸರಿನ ಜಾಗದಲ್ಲಿ ಹಾಜರಿ ಪಟ್ಟಿಯನ್ನು ಲಗತ್ತಿಸುತ್ತೇನೆ.