ಎಡ್ವಾರ್ಡ್ 1/48 ಮಿಗ್-21 ಬಿಸ್ ಕಿಟ್: ಕಟ್ಟಿ, ಬಣ್ಣ ಹಚ್ಚಿ, ಕೆಲವು ವರ್ಷ ಇಟ್ಟುಕೊಂಡ ಮೇಲೆ

ಪ್ಲಾಸ್ಟಿಕ್ ಮಾದರಿ ಕಿಟ್‌ಗಳ ಬಗ್ಗೆ ಬರುವ ವಿಮರ್ಶೆಗಳಲ್ಲಿ ಹೆಚ್ಚಿನವು ಪೆಟ್ಟಿಗೆ ತೆರೆದ ಉತ್ಸಾಹದಲ್ಲಿ ಬರೆದವು. ಅಚ್ಚು ಎಷ್ಟು ನವಿರಾಗಿದೆ, ಭಾಗಗಳು ಎಷ್ಟಿವೆ ಎಂಬುದು ಅವುಗಳಿಂದ ತಿಳಿಯುತ್ತದೆ. ಆದರೆ ಬಣ್ಣದ ಐದಾರು ಪದರ ಕೂತ ಮೇಲೆ ಆ ನವಿರಿನಲ್ಲಿ ಎಷ್ಟು ಉಳಿಯುತ್ತದೆ, ವೆದರಿಂಗ್ (ಬಳಸಿ ಮಾಸಿದ ನೋಟ ತರುವ ಕೆಲಸ) ಮಾಡುವಾಗ ಪ್ಲಾಸ್ಟಿಕ್ಕಿನ ಮೇಲ್ಮೈ ನಮಗೆ ನೆರವಾಗುತ್ತದೋ ಅಡ್ಡಿಯಾಗುತ್ತದೋ, ಮಳೆಗಾಲಗಳನ್ನು ದಾಟಿದ ಮೇಲೆ ಅಂಟು ಹಿಡಿದಿರುತ್ತದೋ ಇಲ್ಲವೋ ಎಂಬುದು ತಿಳಿಯುವುದಿಲ್ಲ. ಚೆಕ್ ದೇಶದ ಎಡ್ವಾರ್ಡ್ ಸಂಸ್ಥೆಯ ಈ ಕಿಟ್ಟನ್ನು ಭಾರತೀಯ ವಾಯುಪಡೆಯ ಬೂದು ಬಣ್ಣದಲ್ಲಿ ಕಟ್ಟಿ ಮುಗಿಸಿ ಕೆಲವು ವರ್ಷಗಳಾಗಿರುವುದರಿಂದ, ಆ ಪ್ರಶ್ನೆಗಳಿಗೆ ಈಗ ಉತ್ತರ ಹೇಳಬಹುದು ಎನಿಸಿದೆ.

ವಿಮಾನದ ಪರಿಚಯ ಹೆಚ್ಚು ಬೇಡ. 1963ರಲ್ಲಿ ವಾಯುಪಡೆಗೆ ಸೇರಿದ ಮಿಗ್-21, 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ನಿವೃತ್ತವಾಯಿತು. ನಮ್ಮಲ್ಲಿ ಟೈಪ್ 75 ಎಂದು ಕರೆಯುತ್ತಿದ್ದ ಬಿಸ್ ಮಾದರಿಯನ್ನು ಎಚ್‌ಎಎಲ್ ನಾಸಿಕ್‌ನಲ್ಲಿ ತಯಾರಿಸುತ್ತಿತ್ತು. ರೆಕ್ಕೆಯ ಅಗಲ ಏಳು ಮೀಟರಿಗಿಂತ ತುಸುವೇ ಹೆಚ್ಚಾದ್ದರಿಂದ 1/48 ಅಳತೆಯಲ್ಲಿ ಅದು 15 ಸೆಂಟಿಮೀಟರ್ ಆಗುತ್ತದೆ, ಉದ್ದ ಒಂದು ಅಡಿಯ ಆಸುಪಾಸು. ಮನೆಯ ಕಪಾಟಿನಲ್ಲಿ ಜಾಗಕ್ಕಾಗಿ ಜಗಳವಾಡಬೇಕಾದ ಪ್ರಸಂಗ ಬರುವುದಿಲ್ಲ.

ಎಡ್ವಾರ್ಡ್ ಈ ಅಳತೆಯ ಮಿಗ್-21 ಸರಣಿಯನ್ನು 2011ರಲ್ಲಿ ಆರಂಭಿಸಿತು. ನಾನು ಕೊಂಡದ್ದು ಪ್ರೊಫಿಪ್ಯಾಕ್ ಆವೃತ್ತಿ. ಇದರಲ್ಲಿ ಪ್ಲಾಸ್ಟಿಕ್ ಭಾಗಗಳ ಜೊತೆಗೆ ಬಣ್ಣ ಮುದ್ರಿಸಿದ ಫೋಟೊಎಚ್ (ರಾಸಾಯನಿಕದಿಂದ ಕೊರೆದ) ಲೋಹದ ಹಾಳೆಯೂ, ಗಾಜಿನ ಭಾಗಗಳಿಗೆ ಹಾಗೂ ಚಕ್ರಗಳಿಗೆ ಬಣ್ಣ ತಾಗದಂತೆ ಅಂಟಿಸಲು ಕತ್ತರಿಸಿಟ್ಟ ಮಾಸ್ಕ್‌ಗಳೂ ಇರುತ್ತವೆ. ಮಾಸ್ಕ್ ಸಣ್ಣ ಸಂಗತಿಯಂತೆ ಕಂಡರೂ, ಕ್ಯಾನಪಿಯ (ಪೈಲಟ್ ತಲೆಯ ಮೇಲಿನ ಗಾಜಿನ ಮುಚ್ಚಳದ) ಬಾಗಿದ ಚೌಕಟ್ಟಿನ ಮೇಲೆ ಟೇಪ್ ಕೂರಿಸಿ ಬ್ಲೇಡಿನಿಂದ ಕೊರೆಯುವ ಕಷ್ಟ ಗೊತ್ತಿರುವವರು ಅದಕ್ಕಾಗಿಯೇ ತುಸು ಹೆಚ್ಚಿನ ಹಣ ಕೊಡಲು ಒಪ್ಪುತ್ತಾರೆ.

ಕಾಕ್‌ಪಿಟ್ಟಿನ ಉಪಕರಣ ಫಲಕವಂತೂ ಹತ್ತಿರದಿಂದ ನೋಡಬೇಕಾದ ವಸ್ತು. ಹಿಂದಿನ ಲೋಹದ ತಗಡಿನಲ್ಲಿ ಮೀಟರುಗಳ ಮುಖಗಳು ಮುದ್ರಿತವಾಗಿರುತ್ತವೆ. ಅವಕ್ಕೆ ಸರಿಯಾಗಿ ರಂಧ್ರಗಳಿರುವ ಇನ್ನೊಂದು ತಗಡನ್ನು ಅದರ ಮೇಲೆ ಕೂರಿಸಿದರೆ, ಪ್ರತಿಯೊಂದು ಮೀಟರೂ ತನ್ನ ಗುಳಿಯೊಳಗೆ ನಿಂತಂತೆ ಕಾಣುತ್ತದೆ. ಎರಡನ್ನೂ ಅಂಟಿಸಲು ಸೂಪರ್ ಗ್ಲೂ ಬದಲು ತೆಳುವಾದ ಗ್ಲಾಸ್ (ಹೊಳಪಿನ) ವಾರ್ನಿಷ್ ಬಳಸಿದರೆ ಜರುಗಿಸಿ ಸರಿಪಡಿಸಲು ಸಮಯ ಸಿಗುತ್ತದೆ. ಒಣಗಿದ ಮೇಲೆ ಒಂದೊಂದು ಮೀಟರಿನೊಳಕ್ಕೆ ಸೂಜಿಮೊನೆಯಿಂದ ಅದೇ ವಾರ್ನಿಷ್ಷಿನ ಹನಿ ಬಿಟ್ಟರೆ ಗಾಜು ಹಾಕಿದಂತಾಗುತ್ತದೆ. ಸೋವಿಯತ್ ಕಾಕ್‌ಪಿಟ್‌ಗಳಿಗೇ ವಿಶಿಷ್ಟವಾದ ಆ ಹಸಿರುಮಿಶ್ರಿತ ನೀಲಿಯನ್ನು ಮಾತ್ರ ಫಲಕದ ಮುದ್ರಿತ ಬಣ್ಣಕ್ಕೆ ಹೊಂದುವಂತೆ ನಾವೇ ಬೆರೆಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಬೇರೆ ಬೇರೆ ಕಂಪನಿಗಳ ಸೀಸೆಗಳ ಮೇಲೆ ಒಂದೇ ಹೆಸರಿದ್ದರೂ ಒಳಗಿನ ಬಣ್ಣ ಒಂದೇ ಆಗಿರುವುದಿಲ್ಲ.

ಜೋಡಣೆಯ ಬಗ್ಗೆ ಹೇಳುವುದು ಕಡಿಮೆ. ಭಾಗಗಳನ್ನು ಅಂಟು ಹಾಕದೆ ಒಮ್ಮೆ ಕೂರಿಸಿ ನೋಡುವ ತಾಳ್ಮೆಯಿದ್ದವರಿಗೆ ಪುಟ್ಟಿಯ ಕೆಲಸ ಹೆಚ್ಚಿರುವುದಿಲ್ಲ. ಮೂತಿಯಿಂದ ಮುಂದಕ್ಕೆ ಚಾಚಿಕೊಂಡಿರುವ ಉದ್ದನೆಯ ಪಿಟೋ ನಳಿಕೆ (ಗಾಳಿಯ ವೇಗ ಅಳೆಯುವ ಕೊಳವೆ) ಪ್ಲಾಸ್ಟಿಕ್ಕಿನದಾದರೆ ಯಾವ ಕಂಪನಿಯ ಮಿಗ್ ಆದರೂ ಆಯಸ್ಸು ಕಡಿಮೆಯೇ. ಪೋಲೆಂಡಿನ ಮಾಸ್ಟರ್ ಸಂಸ್ಥೆಯ ಹಿತ್ತಾಳೆ ನಳಿಕೆಯನ್ನು ಹಾಕಿದ್ದೇನೆ, ಅದು ಇಂದಿಗೂ ನೆಟ್ಟಗಿದೆ.

ಈ ಕಿಟ್ಟಿನ ನಿಜವಾದ ಸಾಮರ್ಥ್ಯ ಗೊತ್ತಾಗುವುದು ವೆದರಿಂಗ್‌ನಲ್ಲಿ. ಮೈಯುದ್ದಕ್ಕೂ ಇರುವ ರಿವೆಟ್ ಗುರುತುಗಳು ಕೂದಲೆಳೆಯಷ್ಟು ನವಿರು. ಪ್ಯಾನೆಲ್ ಗೆರೆಗಳು, ಅಂದರೆ ತಗಡುಗಳು ಕೂಡುವ ಗೆರೆಗಳು, ಅವಕ್ಕಿಂತ ತುಸು ಆಳ. ಇದರ ಪರಿಣಾಮ ಏನೆಂದರೆ, ಪ್ರೈಮರ್ ಆಗಲಿ ಬಣ್ಣವಾಗಲಿ ದಪ್ಪವಾದರೆ ರಿವೆಟ್‌ಗಳು ತುಂಬಿಹೋಗಿ, ಆಮೇಲೆ ಎಂಥ ವಾಷ್ (ಗೆರೆ, ಗುಳಿಗಳಿಗೆ ಇಳಿಸುವ ತೆಳು ಬಣ್ಣ) ಹಾಕಿದರೂ ಹಿಡಿಯುವುದಿಲ್ಲ. ಟಾಮಿಯಾ ಅಕ್ರಿಲಿಕ್ ಬಣ್ಣವನ್ನು ಒಂದು ಪಾಲಿಗೆ ಎರಡು ಪಾಲಿಗೂ ಮೀರಿ ತಿನ್ನರ್ ಬೆರೆಸಿ ತೆಳುವಾಗಿಸಿ, ಏರ್‌ಬ್ರಷ್ಷಿನ ಒತ್ತಡ ತಗ್ಗಿಸಿ, ಹತ್ತಿರದಿಂದ ಮೋಡ ಮೋಡವಾಗಿ ಹಾಯಿಸುವ ವಿಧಾನ ಇಲ್ಲಿ ಚೆನ್ನಾಗಿ ಒಗ್ಗುತ್ತದೆ. ಈ ಬಣ್ಣಕ್ಕೆ ಅದೇ ಕಂಪನಿಯ ತಿನ್ನರ್ ಸಿಗದಿದ್ದಾಗ ಔಷಧಿ ಅಂಗಡಿಯ ಐಸೊಪ್ರೊಪೈಲ್ ಆಲ್ಕೊಹಾಲ್ ಕೂಡ ನಡೆಯುತ್ತದೆ ಎಂಬುದು ನಮ್ಮ ಊರುಗಳಲ್ಲಿ ಸಣ್ಣ ಅನುಕೂಲವೇನಲ್ಲ.

ತಿಳಿಬೂದು ಬಣ್ಣದ ಯುದ್ಧವಿಮಾನ ನೋಡಲು ಸರಳ, ಹಚ್ಚಲು ಬಲು ಕಷ್ಟ. ಕ್ಯಾಮಫ್ಲಾಜ್ ಇದ್ದರೆ ಮೂರು ಬಣ್ಣಗಳ ನಡುವೆ ಕೊರತೆಗಳು ಅಡಗುತ್ತವೆ. ಒಂದೇ ಬೂದು ಇದ್ದಾಗ ಇಡೀ ಮೈ ಸತ್ತಂತೆ ಕಾಣುವ ಅಪಾಯವಿರುತ್ತದೆ. ಹಾಗೆಂದು ಎಲ್ಲ ಗೆರೆಗಳಿಗೂ ಕಪ್ಪು ವಾಷ್ ತುಂಬಿದರೆ ವಿಮಾನದ ಮೇಲೆ ಚದುರಂಗದ ಹಾಸು ಹರಡಿದಂತಾಗುತ್ತದೆ, ಮತ್ತು ಪ್ರದರ್ಶನಗಳಲ್ಲಿ ಬಹುಮಾನ ಪಡೆಯುವ ಮಾದರಿಗಳಲ್ಲಿಯೂ ಈ ರೋಗ ಕಾಣುತ್ತದೆ ಎಂದು ಹೇಳಲು ನನಗೆ ಸಂಕೋಚವಿಲ್ಲ. ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯಲ್ಲಿರುವ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ಬಯಲಿಗೆ ನಿಲ್ಲಿಸಿರುವ ವಿಮಾನಗಳನ್ನು ಹತ್ತು ಹೆಜ್ಜೆ ದೂರದಿಂದ ನೋಡಿದರೆ, ಕಣ್ಣಿಗೆ ಬೀಳುವುದು ಗೆರೆಗಳಿಗಿಂತ ಮಿಗಿಲಾಗಿ ಒಂದೊಂದು ತಗಡಿಗೂ ಇರುವ ಬಣ್ಣದ ವ್ಯತ್ಯಾಸವೇ. ರಾಜಸ್ಥಾನದ ಉತ್ತರಲಾಯಿ, ನಾಲ್‌ನಂಥ ನೆಲೆಗಳಲ್ಲಿ ಕೆಲಸ ಮಾಡಿದ ವಿಮಾನದ ಬಣ್ಣವಂತೂ ಬಿಸಿಲಿಗೆ ಮತ್ತಷ್ಟು ಮಾಸುತ್ತದೆ; ದುರಸ್ತಿಗೆ ತೆಗೆದ ಮುಚ್ಚಳಗಳ ಸುತ್ತ ಹೊಸದಾಗಿ ಬಳಿದ ಬೂದಿನ ತೇಪೆಗಳು ಎದ್ದು ಕಾಣುತ್ತವೆ.

ಆದ್ದರಿಂದ ನಾನು ಗೆರೆಗಳಿಗೆ ಕಂದು ಬೆರೆತ ಗಾಢ ಬೂದಿನ ಎನಾಮೆಲ್ ವಾಷ್ ಹಾಕಿ, ಮುಖ್ಯ ಕೆಲಸವನ್ನು ಎಣ್ಣೆ ಬಣ್ಣಕ್ಕೆ ಬಿಟ್ಟೆ. ಚಿತ್ರಕಲೆಯ ಅಂಗಡಿಯಲ್ಲಿ ಸಿಗುವ ಕ್ಯಾಮೆಲ್ ಟ್ಯೂಬುಗಳು ಇದಕ್ಕೆ ಧಾರಾಳವಾಗಿ ಸಾಕು: ರಟ್ಟಿನ ಮೇಲೆ ಸ್ವಲ್ಪ ಹೊತ್ತು ಬಿಟ್ಟು ಹೆಚ್ಚಿನ ಎಣ್ಣೆಯನ್ನು ಹೀರಿಸಿ, ಬಿಳಿ, ಓಕರ್, ನೀಲಿ, ಕಂದು ಬಣ್ಣಗಳ ಚುಕ್ಕಿಗಳನ್ನು ಒಂದೊಂದು ಪ್ಯಾನೆಲ್‌ನಲ್ಲಿ ಬೇರೆ ಬೇರೆ ಪ್ರಮಾಣದಲ್ಲಿಟ್ಟು, ಟರ್ಪಂಟೈನ್ ತಾಗಿಸಿ ಒರೆಸಿಕೊಂಡ ಕುಂಚದಿಂದ ಎಳೆಯಬೇಕು. ರೆಕ್ಕೆಯ ಮೇಲೆ ಗಾಳಿ ಹರಿಯುವ ದಿಕ್ಕಿಗೆ, ಬಾಲದ ಲಂಬ ಭಾಗದಲ್ಲಿ ಮಳೆನೀರು ಇಳಿಯುವ ದಿಕ್ಕಿಗೆ. ಹೊಟ್ಟೆಯ ಭಾಗದಲ್ಲಿ ಎರಡೂ ಬೇಕು, ಏಕೆಂದರೆ ನಿಂತಾಗ ಸೋರಿದ ಹೈಡ್ರಾಲಿಕ್ ಎಣ್ಣೆ ಕೆಳಕ್ಕೆ ತೊಟ್ಟಿಕ್ಕುತ್ತದೆ, ಹಾರುವಾಗ ಅದೇ ಎಣ್ಣೆ ಹಿಂದಕ್ಕೆ ಹರಡಿ ಗೀಟಾಗುತ್ತದೆ. ಜಿಎಸ್‌ಎಚ್-23 ಅವಳಿ ನಳಿಕೆಯ ಫಿರಂಗಿಯ ಸುತ್ತ ಮಸಿ, ತಾಂತ್ರಿಕ ಸಿಬ್ಬಂದಿ ಕಾಲಿಡುವ ರೆಕ್ಕೆಯ ಬುಡದಲ್ಲಿ ಸವೆತ, ಎಂಜಿನ್ನಿನ ಬಾಯಿಯ ಸುತ್ತಲಿನ ಬಣ್ಣವಿಲ್ಲದ ಲೋಹದ ಬಳೆಯಲ್ಲಿ ಕಾಯಿಸಿದ ಉಕ್ಕಿನ ನೀಲಿ ಮತ್ತು ಕಂದು ಛಾಯೆ: ಇವಿಷ್ಟನ್ನು ಬಿಟ್ಟು ಬೇರೆಡೆ ಕೈ ಹಿಡಿತದಲ್ಲಿದ್ದರೆ ಒಳ್ಳೆಯದು. ಚಾಲ್ತಿಯಲ್ಲಿರುವ ವಿಮಾನವನ್ನು ಸಿಬ್ಬಂದಿ ಒರೆಸುತ್ತಲೇ ಇರುತ್ತಾರೆ. ಅದು ಗುಜರಿಗೆ ಹೋಗುವ ವಾಹನವಲ್ಲ. ವಾಷ್ ಹಾಕುವ ಮೊದಲು ಹೊಳಪಿನ ಗ್ಲಾಸ್ ಕೋಟ್ ಪೂರ್ತಿ ಒಣಗಿರಬೇಕು ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು, ಇಲ್ಲವಾದರೆ ಬಿಗಿಯಾಗಿ ಕೂರಿಸಿದ ಕೀಲುಗಳೊಳಕ್ಕೆ ಎನಾಮೆಲ್ ದ್ರಾವಕ ಇಳಿದು ಪ್ಲಾಸ್ಟಿಕ್ ಬಿರುಕು ಬಿಡುವುದುಂಟು.

ನನಗೆ ಬೇಸರ ತಂದದ್ದು ಕಿಟ್ ಅಲ್ಲ, ಭಾರತೀಯ ಗುರುತುಗಳಿಗಾಗಿ ಬೇರೊಬ್ಬರಿಂದ ಪ್ರತ್ಯೇಕವಾಗಿ ಕೊಂಡ ಡಿಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ಮುದ್ರಿತ ಗುರುತು) ಹಾಳೆ. ವೃತ್ತಚಿಹ್ನೆಯ ನಡುವಿನ ಹಸಿರು ಒಂದು ಬದಿಗೆ ಸರಿದು ಮುದ್ರಿತವಾಗಿದ್ದರಿಂದ, ಬಿಳಿ ಬಳೆ ಎಡಕ್ಕೆ ದಪ್ಪ, ಬಲಕ್ಕೆ ದಾರದಷ್ಟು ತೆಳುವಾಗಿತ್ತು. ಅಂಚಿನ ಪಾರದರ್ಶಕ ಪೊರೆಯೂ ಡಿಕಾಲನ್ನು ಮೆತ್ತಗಾಗಿಸುವ ಸೆಟ್ಟಿಂಗ್ ದ್ರಾವಣ ಎಷ್ಟು ಹಚ್ಚಿದರೂ ಬೆಳ್ಳಗೆ ಹೊಳೆಯುವುದನ್ನು ಬಿಡಲಿಲ್ಲ. ಕೊನೆಗೆ ಅದನ್ನು ಕಿತ್ತುಹಾಕಿ, ಮಾಸ್ಕಿಂಗ್ ಹಾಳೆಯಲ್ಲಿ ವೃತ್ತಗಳನ್ನು ಕತ್ತರಿಸಿಕೊಂಡು ಮೊದಲು ಬಿಳಿ, ಆಮೇಲೆ ಹೊರಬಳೆಯ ಕೇಸರಿ, ಕೊನೆಗೆ ನಡುವಿನ ಹಸಿರು ಎಂಬ ಕ್ರಮದಲ್ಲಿ ಏರ್‌ಬ್ರಷ್ ಮಾಡಿದೆ. ಭಾರತೀಯ ವಿಮಾನ ಕಟ್ಟುವವರಿಗೆ ಇದೇ ದಾರಿಯನ್ನು ಸೂಚಿಸುತ್ತೇನೆ, ಸಣ್ಣ ಎಚ್ಚರಿಕೆ ಬರಹಗಳಿಗೆ ಮಾತ್ರ ಡಿಕಾಲ್ ಇರಲಿ.

ಕಾಲ ಕಳೆದ ಮೇಲಿನ ಸ್ಥಿತಿಯ ಬಗ್ಗೆ. ಪ್ಲಾಸ್ಟಿಕ್ ಸಿಮೆಂಟ್ ಹಾಕಿದ ಕೀಲುಗಳಲ್ಲಿ ಯಾವುದೂ ಬಿಟ್ಟಿಲ್ಲ, ಲ್ಯಾಂಡಿಂಗ್ ಗೇರ್ ಕಾಲುಗಳು ಬಾಗಿಲ್ಲ, ಬೂದು ಬಣ್ಣ ಹಳದಿಗೆ ತಿರುಗಿಲ್ಲ. ಸೂಪರ್ ಗ್ಲೂ ಹಿಡಿತ ಮಾತ್ರ ವರ್ಷ ಕಳೆದಂತೆ ಪೆಡಸಾಗುತ್ತದೆ. ಸಣ್ಣ ಲೋಹದ ತುಣುಕುಗಳು ತಾಗಿದರೆ ಉದುರುವ ಸ್ಥಿತಿಗೆ ಬರುತ್ತವೆ, ಅವಕ್ಕೆ ಎಪಾಕ್ಸಿ ಮೇಲು. ಮಳೆಗಾಲದ ತೇವದಲ್ಲಿ ಲ್ಯಾಕರ್ ವಾರ್ನಿಷ್ ಹೊಡೆದರೆ ಮಂಜು ಕವಿದಂತೆ ಬಿಳುಚಿಕೊಳ್ಳುತ್ತದೆ, ಆ ಕೆಲಸವನ್ನು ಬಿಸಿಲು ಬಂದ ದಿನಕ್ಕೆ ಮುಂದೂಡಬೇಕು. ಧೂಳಿನಿಂದ ಕಾಪಾಡಲು ಅಕ್ರಿಲಿಕ್ ಪೆಟ್ಟಿಗೆಗೆ ಹಣ ಹಾಕುವುದು ಅಗತ್ಯ. ಮ್ಯಾಟ್ ವಾರ್ನಿಷ್ಷಿನ ಒರಟು ಮೇಲ್ಮೈಯಲ್ಲಿ ಕೂತ ಧೂಳನ್ನು ಕುಂಚದಿಂದ ಕೊಡವುವಾಗ ಆಂಟೆನಾಗಳು ಉಳಿಯುವುದಿಲ್ಲ.

ಬೆಲೆಯ ವಿಷಯದಲ್ಲಿ ಒಂದು ಮಾತು. 2020ರಲ್ಲಿ ಆಟಿಕೆಗಳ ಮೂಲ ಆಮದು ಸುಂಕ ಶೇಕಡ 20ರಿಂದ 60ಕ್ಕೆ ಏರಿದಾಗ ಅದೇ ಶೀರ್ಷಿಕೆಯಡಿ ಬರುವ ಮಾದರಿ ಕಿಟ್‌ಗಳಿಗೂ ಬಿಸಿ ತಟ್ಟಿತು, ಹೀಗಾಗಿ ವಿದೇಶಿ ಅಂಗಡಿಯ ಬೆಲೆ ನೋಡಿ ಲೆಕ್ಕ ಹಾಕುವುದು ವ್ಯರ್ಥ; ಮನೆ ತಲುಪುವ ಒಟ್ಟು ವೆಚ್ಚವನ್ನೇ ನೋಡಬೇಕು. ಮೊದಲ ಬಾರಿಗೆ ಕಿಟ್ ಕಟ್ಟುವವರಿಗೆ ಇದನ್ನು ಶಿಫಾರಸು ಮಾಡುವುದಿಲ್ಲ, ಎರಡು ಮೂರು ಸರಳ ಜೆಟ್‌ಗಳನ್ನು ಮುಗಿಸಿ ಏರ್‌ಬ್ರಷ್ ಕೈಗೆ ಒಗ್ಗಿಸಿಕೊಂಡವರಿಗೆ ಖಂಡಿತ ಮಾಡುತ್ತೇನೆ. ಕೊನೆಯ ದಿನಗಳವರೆಗೆ ಹಾರಿದ, ಬಿಸ್‌ನ ಸುಧಾರಿತ ರೂಪವಾದ ಬೈಸನ್ನನ್ನೇ ಕಟ್ಟಬೇಕೆಂದಿರುವವರು ಮಾತ್ರ ಈ ಪೆಟ್ಟಿಗೆಯೊಂದನ್ನೇ ನಂಬಬಾರದು: ಚೌಕಟ್ಟಿಲ್ಲದ ಮುಂಗಾಜು, ಬದಲಾದ ಆಂಟೆನಾಗಳು, ಆರ್-73 ಕ್ಷಿಪಣಿಗಳು ಇವೆಲ್ಲವನ್ನೂ ಬೇರೆಡೆಯಿಂದ ಹೊಂದಿಸಿಕೊಳ್ಳಬೇಕಾಗುತ್ತದೆ.