ಫೈನಲ್ ಫ್ಯಾಂಟಸಿ 7: ನೊಮುರಾ ಕೈಚಳಕಕ್ಕಾಗಿ ಆಡಬೇಕಾದ ಆಟ

ಫೈನಲ್ ಫ್ಯಾಂಟಸಿ ಎಂಬ ಜಪಾನಿ ವಿಡಿಯೊ ಗೇಮ್ ಸರಣಿಯ ಐದನೆಯ ಆಟಕ್ಕೆ ರಾಕ್ಷಸರ ಚಿತ್ರ ಬರೆದಿದ್ದ ತೆತ್ಸುಯಾ ನೊಮುರಾ ಅವರಿಗೆ ಮುಖ್ಯ ಪಾತ್ರವಿನ್ಯಾಸದ ಹೊಣೆ ದೊರೆತದ್ದು 1997ರ ಈ ಏಳನೆಯ ಆಟದಲ್ಲಿ. ಅವರಿಗೆ ಮುಂಚಿನ ಪಾತ್ರವಿನ್ಯಾಸಕ ಯೊಷಿತಾಕಾ ಅಮಾನೊ ಅವರ ನವಿರಾದ ಗೆರೆಗಳು ಎಷ್ಟೇ ಸೊಗಸಾಗಿದ್ದರೂ ಅಂದಿನ ಒರಟು ಪಾಲಿಗನ್‌ಗಳಿಗೆ (ಮೂರು ಆಯಾಮದ ಆಕೃತಿಗಳನ್ನು ಕಟ್ಟುವ ಚಪ್ಪಟೆ ಬಹುಭುಜಗಳಿಗೆ) ಒಗ್ಗುವಂಥವಲ್ಲ. ನೊಮುರಾ ಅವರು ಆಟದ ನಾಯಕ ಕ್ಲೌಡ್‌ಗೆ ಕೊಟ್ಟ ಮುಳ್ಳುಮುಳ್ಳಾದ ಹಳದಿ ಕೂದಲು ಮತ್ತು ಆಳೆತ್ತರದ ಅಗಲ ಕತ್ತಿ, ಕಣ್ಣುಮೂಗು ಸರಿಯಾಗಿ ಮೂಡದಷ್ಟು ಸಣ್ಣ ಆಕೃತಿಯಲ್ಲೂ, ಆತನನ್ನು ಥಟ್ಟನೆ ಗುರುತಿಸುವಂತೆ ಮಾಡುತ್ತವೆ. ಆದರೆ ಓಡಾಟದ ದೃಶ್ಯಗಳಲ್ಲಿ ಮೊಂಡುಗೈಯ ಗೊಂಬೆಗಳಂತಿರುವ ಪಾತ್ರಗಳು ಕದನದಲ್ಲಿ ಏಕಾಏಕಿ ನೀಳಕಾಯರಾಗುವುದು ಇಂದು ಆಡುವವರಿಗೆ ಕಿರಿಕಿರಿಯೇ ಸರಿ. 2002ರಲ್ಲಿ ಕಿಂಗ್‌ಡಮ್ ಹಾರ್ಟ್ಸ್ ಎಂಬ ಇನ್ನೊಂದು ಆಟವನ್ನು ನಿರ್ದೇಶಿಸಿದ ಕಾಲಕ್ಕೆ ನೊಮುರಾ ಅವರ ಪಾತ್ರಗಳ ಉಡುಪುಗಳಲ್ಲಿ ಜಿಪ್ಪು, ಪಟ್ಟಿಗಳು ಮಿತಿಮೀರಿದವು (ಇದು ಅಭಿರುಚಿಯ ಮಾತು). ಈ ಏಳನೆಯ ಆಟದಲ್ಲಿ ಇನ್ನೂ ಹಿಡಿತವಿದೆ. ಪಾತ್ರವಿನ್ಯಾಸವನ್ನು ವೃತ್ತಿಯಾಗಿ ಆರಿಸಿಕೊಳ್ಳುವವರು 2020ರ ರೀಮೇಕ್‌ಗಿಂತ ಮೊದಲು ಈ ಹಳೆಯ ಆಟವನ್ನೇ ಆಡುವುದು ಲೇಸು.