ಅಘನಾಶಿನಿ ಅಳಿವೆ ಹಕ್ಕಿ ಟ್ರಿಪ್: ಹಿಂಡು ಕಂಡ ಕೂಡ್ಲೇ ಎಂಜಿನ್ ಬಂದ್ ಮಾಡೋ ದೋಣಿಯಣ್ಣ

ಮಾರ್ಚ್ ಮೊದಲ ವಾರ ಶಿರಸಿಯಿಂದ ಬೆಳಗಿನ ಜಾವ ನಾಲ್ಕಕ್ಕೇ ಹೊರಟು ದೇವಿಮನೆ ಘಟ್ಟ ಇಳಿದು ಕುಮಟಾ ಕಡೆ ಹೋಗಿ ದೋಣಿ ಹತ್ತಿದ್ವಿ, ನಾನು, ಅಕ್ಕ, ಅಕ್ಕನ ಮಗಳು ಮೂರೇ ಜನ. ಬಳಚು ಅನ್ನೋ ಚಿಪ್ಪುಮೀನು ತೆಗ್ದು, ಮೀನು ಹಿಡ್ದು ಬದುಕೋ ಅಣ್ಣ ಒಬ್ರು ಚಳಿಗಾಲದಲ್ಲಿ ಹಕ್ಕಿ ನೋಡೋರನ್ನೂ ಕರ್ಕೊಂಡು ಹೋಗ್ತಾರೆ. ಮೂರು ಗಂಟೆಗೆ ಇಡೀ ದೋಣಿಗೆ 1,500 ರೂಪಾಯಿ. ಕೊಟ್ಟ ದುಡ್ಡಿಗೆ ಒಂದು ಚೂರೂ ಮೋಸ ಇಲ್ಲ.

ಯಾವತ್ತು ಬರ್ಬೇಕು ಅಂತ ಅವ್ರೇ ಹೇಳೋದು. ನಾನು ಫೋನ್ ಮಾಡಿದ್ರೆ "ಈ ಭಾನುವಾರ ಬೇಡ ಅಕ್ಕಾ, ಬೆಳಗ್ಗೆ ಭರತ ಇರ್ತದೆ, ಎಂತದೂ ಕಾಣೂದಿಲ್ಲ, ಮುಂದಿನ ಭಾನುವಾರ ಬನ್ನಿ" ಅಂದ್ರು. ಬರೋ ಗಿರಾಕಿನ ಒಂದು ವಾರ ಮುಂದಕ್ಕೆ ಹಾಕೋರು ಎಷ್ಟು ಜನ ಇದ್ದಾರೆ ಹೇಳಿ. ಅವ್ರು ಹೇಳಿದ್ದೇ ಸರಿ, ನಾವು ಹೋಗೋ ಹೊತ್ತಿಗೆ ನೀರು ಇಳ್ದು ಕೆಸರು ಬಯಲೆಲ್ಲ ತೆರ್ಕೊಂಡಿತ್ತು.

ದೂರದಲ್ಲಿ ಹಿಂಡು ಕಂಡಿದ್ದೇ ಎಂಜಿನ್ ಬಂದ್. ಆಮೇಲೆ ಗಳ ಊರಿ ಸದ್ದಿಲ್ಲದೆ ದೂಡ್ತಾ ದೂಡ್ತಾ ಒಂದು ಕಡೆ ನಿಲ್ಸಿಬಿಟ್ರು. ಅಕ್ಕನ ಮಗಳು ಇನ್ನೊಂಚೂರು ಹತ್ರ ಹೋಗೋಣ ಮಾಮಾ ಅಂದ್ಲು, "ತಿನ್ಲಿ ಮಗಾ, ಅವಕ್ಕೆ ದೂರ ಹೋಗೂದುಂಟು" ಅಂದ್ರು ಅಷ್ಟೇ. ಮುಕ್ಕಾಲು ಗಂಟೆ ಅಲ್ಲೇ ಕೂತ್ವಿ. ಸ್ವಲ್ಪ ಹೊತ್ತಿಗೆ ಹಕ್ಕಿಗಳೇ ತಿನ್ತಾ ತಿನ್ತಾ ನಮ್ಮ ಕಡೆ ಬಂದ್ವು. ಕರ್ಲ್ಯೂ ಸ್ಯಾಂಡ್‌ಪೈಪರ್ ಕೊಕ್ಕು ತುದಿಗೆ ಹೋಗ್ತಾ ಕೆಳಗೆ ಬಾಗಿರುತ್ತೆ, ಅದನ್ನ ಮುಖ ಮುಳುಗೋವರೆಗೂ ಕೆಸರಿಗೆ ಚುಚ್ಚಿ ತೆಗ್ದು ಚುಚ್ಚಿ ತೆಗ್ದು, ಹೊಲಿಗೆ ಮಿಷನ್ ಓಡ್ದಂಗೆ. ಒಂದು ಹಕ್ಕಿ ಹುಳ ಎಳೆಯೋಕೆ ಶುರು ಮಾಡ್ತು, ಅದು ದಾರದ ತರ ಉದ್ದ ಆಗ್ತಾ ಹೋಯ್ತು, ತುಂಡಾಗ್ಬಾರ್ದು ಅಂತ ಹಕ್ಕಿ ಒಂದೊಂದೇ ಹೆಜ್ಜೆ ಹಿಂದೆ ಇಡ್ತಿತ್ತು.

ಇಷ್ಟೆಲ್ಲ ಯಾಕೆ ಬರೀತಿದ್ದೀನಿ ಅಂದ್ರೆ ಹೋದ ವರ್ಷ ಬೇರೆ ಕಡೆ, ಹೆಸರು ಬೇಡ, ಸ್ಪೀಡ್ ಬೋಟಲ್ಲಿ ಹೋಗಿದ್ದೆ. ಅವ್ರು ವಿಡಿಯೋ ಚೆನ್ನಾಗಿ ಬರ್ಲಿ ಅಂತ ಹಿಂಡಿನ ಮೇಲೇ ನುಗ್ಗಿಸಿದ್ರು, ಅದೂ ನಾಲ್ಕು ಸಲ. ಎಲ್ರೂ ಚಪ್ಪಾಳೆ ಹೊಡೆದ್ರು. ನಂಗೆ ಹೊಟ್ಟೆ ಉರೀತು. ಈ ಕರ್ಲ್ಯೂ ಸ್ಯಾಂಡ್‌ಪೈಪರ್ ತೂಕ ಅರವತ್ತು ಗ್ರಾಂ ಆಸುಪಾಸು, ಒಂದು ಕೋಳಿಮೊಟ್ಟೆಯಷ್ಟು. ಇದು ಗೂಡು ಕಟ್ಟೋದು ಉತ್ತರ ಸೈಬೀರಿಯಾದ ಟಂಡ್ರಾದಲ್ಲಿ, ಅಂದ್ರೆ ಮರ ಬೆಳೆಯದ ಚಳಿ ಬಯಲಲ್ಲಿ, ತೈಮಿರ್ ಕಡೆ ಎಲ್ಲ. ಏಪ್ರಿಲ್-ಮೇ ಹೊತ್ತಿಗೆ ಇಲ್ಲಿಂದ ಅಲ್ಲಿಗೆ ಹೊರಡ್ಬೇಕು, ಅದಕ್ಕೆ ಬೇಕಾದ ಕೊಬ್ಬನ್ನ ಇದೇ ಕೆಸರಲ್ಲಿ ಸಿಗೋ ಹುಳ-ಸೀಗಡಿಮರಿ ತಿಂದು ಕೂಡಿಡ್ಬೇಕು, ನಾವು ಸುಮ್ನೆ ಹಾರಿಸಿದ ಪ್ರತಿ ಸಲಾನೂ ಅದ್ರಲ್ಲಿ ಒಂದಿಷ್ಟು ಕರಗಿ ಹೋಗುತ್ತೆ.

ಅಲ್ಲಿ ಹೋದ್ಮೇಲೂ ಸುಖ ಇಲ್ಲ. ಟಂಡ್ರಾದಲ್ಲಿ ಲೆಮ್ಮಿಂಗ್ ಅಂತ ಇಲಿ ಜಾತಿ ಪ್ರಾಣಿ ಇದೆ, ಮೂರ್ನಾಲ್ಕು ವರ್ಷಕ್ಕೊಮ್ಮೆ ಅದ್ರ ಸಂಖ್ಯೆ ಏರಿ ಮತ್ತೆ ಬೀಳುತ್ತೆ. ಲೆಮ್ಮಿಂಗ್ ಜಾಸ್ತಿ ಇದ್ದ ವರ್ಷ ಅಲ್ಲಿಯ ನರಿಗಳು ಅದನ್ನೇ ತಿಂತಾವೆ, ಕಮ್ಮಿ ಆದ ವರ್ಷ ಈ ಹಕ್ಕಿಗಳ ಮೊಟ್ಟೆ-ಮರಿಗೆ ಬೀಳ್ತಾವೆ. ಅಲ್ಲಿ ಇಲಿ ಕಮ್ಮಿ ಆದ್ರೆ ಇಲ್ಲಿ ಬರೋ ಹಿಂಡಲ್ಲಿ ಆ ವರ್ಷದ ಮರಿಗಳು ಕಮ್ಮಿ! ಹಿಮ ಬೇಗ ಕರಗಿ ಹುಳಗಳೂ ಬೇಗ ಎದ್ದುಬಿಟ್ರೆ, ಮರಿ ಒಡೆಯೋ ಹೊತ್ತಿಗೆ ಊಟ ಮುಗಿದಿರೋ ಭಯ ಬೇರೆ. 2024ರಲ್ಲಿ ಐಯುಸಿಎನ್ ಅನ್ನೋ ಜಾಗತಿಕ ಸಂರಕ್ಷಣಾ ಸಂಸ್ಥೆ, ಜೀವಿಗಳ ಅಳಿವಿನ ಅಪಾಯ ಅಳೆಯೋ ತನ್ನ ಕೆಂಪು ಪಟ್ಟಿಯಲ್ಲಿ ಕರ್ಲ್ಯೂ ಸ್ಯಾಂಡ್‌ಪೈಪರ್ನ ವಲ್ನರೆಬಲ್, ಅಂದ್ರೆ ಅಳಿವಿನ ಅಪಾಯ ಇರೋದು, ಅಂತ ಹೆಚ್ಚಿನ ಅಪಾಯದ ಸಾಲಿಗೆ ಹಾಕ್ತು, ನಾವು ಅವತ್ತು ನೋಡಿದ ಗ್ರೇ ಪ್ಲೋವರ್ ಕೂಡ ಅದೇ ಸಾಲಿಗೆ ಬಂತು, ಅದು ಅಲ್ಲಿವರೆಗೆ ಚಿಂತೆ ಇಲ್ಲ ಅನ್ನೋ ಗುಂಪಲ್ಲಿತ್ತು. ಚೀನಾ-ಕೊರಿಯಾ ನಡುವಿನ ಹಳದಿ ಸಮುದ್ರದ ದಡದಲ್ಲಿ ಐವತ್ತು ವರ್ಷದಲ್ಲಿ ಅರ್ಧಕ್ಕಿಂತ ಜಾಸ್ತಿ ಕೆಸರು ಬಯಲು ಹೋಯ್ತು, ಆ ದಾರೀಲಿ ಹೋಗೋ ಹಕ್ಕಿಗಳಿಗೆ ಅದೇ ದೊಡ್ಡ ಪೆಟ್ಟು. ನಮ್ಮ ಕಡೆ ಬರೋವು ಬೇರೆ, ಮಧ್ಯ ಏಷ್ಯಾ ಮೇಲೆ ಹಾರಿ ಬರೋ ದಾರಿಯವು.

ನಮ್ಮ ಶಿರಸಿ ಶಂಕರ ಹೊಂಡದಲ್ಲಿ ಹುಟ್ಟಿದ ಅಘನಾಶಿನಿ ನೀರು ಡ್ಯಾಮ್ ಇಲ್ಲದೆ ಸೀದಾ ಇಲ್ಲಿವರೆಗೆ ಬರುತ್ತೆ. ಅದಕ್ಕೇ ಇಲ್ಲಿ ಕೆಸರೂ ಉಂಟು, ಬಳಚೂ ಉಂಟು, ಉಪ್ಪುನೀರು ನುಗ್ಗೋ ಗಜನಿ ಗದ್ದೆಯಲ್ಲಿ ಉಪ್ಪು ತಡೆಯೋ ಕಗ್ಗ ಭತ್ತವೂ ಉಂಟು. 2024ರ ಜನವರಿಯಲ್ಲಿ ಈ ಅಳಿವೆಯ 4,801 ಹೆಕ್ಟೇರ್ ರಾಮ್ಸರ್ ಜಾಗ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ) ಆಯ್ತು ಅಂತ ಸುದ್ದಿ ಬಂದಾಗ ನಮ್ಮನೇಲಿ ಎಲ್ರಿಗೂ ಖುಷಿ. ಹೆಂಗಸ್ರು ಸೊಂಟದವರೆಗಿನ ನೀರಲ್ಲಿ ನಿಂತು ಬಳಚು ಹೆಕ್ತಾ ಇದ್ರು, ಆಚೆ ಬದಿಗೆ ಹಕ್ಕಿಗಳೂ ಅದೇ ಕೆಲಸ ಮಾಡ್ತಿದ್ವು, ಯಾರಿಗೂ ಯಾರ ತಂಟೆಯೂ ಇಲ್ಲ.

ಕೊರತೆ ಹೇಳ್ಬೇಕಂದ್ರೆ ಮಕ್ಕಳ ಅಳತೆಯ ಲೈಫ್ ಜಾಕೆಟ್ ಇರ್ಲಿಲ್ಲ, ದೊಡ್ಡದನ್ನೇ ಹಗ್ಗ ಸುತ್ತಿ ಕಟ್ಟಿದ್ರು, ಇದನ್ನ ಸರಿ ಮಾಡ್ಲೇಬೇಕು ಅಂತ ಅವ್ರಿಗೂ ಹೇಳಿ ಬಂದೆ. ನೆರಳಿಲ್ಲ, ಟೋಪಿ-ನೀರು ತಗೊಂಡೇ ಹೋಗಿ, ಬೈನಾಕ್ಯುಲರ್ ಕೂಡ ನಿಮ್ದೇ. ಹಕ್ಕಿ ಹೆಸರು ಇಂಗ್ಲಿಷಲ್ಲಿ ಅವ್ರಿಗೆ ಅಷ್ಟಾಗಿ ಗೊತ್ತಿಲ್ಲ, ಆದ್ರೆ ಯಾವುದು ಯಾವಾಗ ಬರುತ್ತೆ, ಯಾವ ದಿಬ್ಬದ ಮೇಲೆ ಕೂರುತ್ತೆ ಅನ್ನೋದು ಬಾಯಲ್ಲೇ ಇದೆ, ನಂಗೆ ಅದೇ ಮುಖ್ಯ.

ಐದಕ್ಕೆ ನಾಲ್ಕೂವರೆ ಕೊಡ್ತೀನಿ, ಆ ಅರ್ಧ ಜಾಕೆಟ್‌ಗೆ ಹಿಡ್ದಿದ್ದು. ಹೋಗೋದಿದ್ರೆ ಏಪ್ರಿಲ್ ಮಧ್ಯದ ಒಂದು ಇಳಿತ ನೋಡ್ಕೊಂಡು ಹೋಗಿ, ಹೊರಡೋ ಮುಂಚೆ ಇವುಗಳ ಹೊಟ್ಟೆ-ಎದೆ ಎಲ್ಲ ಇಟ್ಟಿಗೆ ಕೆಂಪಿಗೆ ತಿರುಗಿರುತ್ತೆ. ನಾವು ಹೋದಾಗ ಹೆಚ್ಚಿನವು ಇನ್ನೂ ಬೂದು ಬಣ್ಣದಲ್ಲೇ ಇದ್ವು, ಒಂದರ ಎದೆ ಮೇಲೆ ಮಾತ್ರ ನಾಲ್ಕೈದು ಕೆಂಪು ಗರಿ ಬಂದಿತ್ತು. ಅದನ್ನ ಮೊದ್ಲು ಕಂಡಿದ್ದು ಅಕ್ಕನ ಮಗಳು.